ಯಾರ್ಕ್‌ಷೈರ್ ಮೂರ್ಸ್‌ನಲ್ಲಿ ಉಗಿಬಂಡಿ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ನಾರ್ತ್ ಯಾರ್ಕ್‌ಷೈರ್ ಮೂರ್ಸ್ ರೈಲ್ವೆಯ ಚಿತ್ರ ನೋಡಿದವರು, ಲೀಡ್ಸ್‌ನಲ್ಲೋ ಲಂಡನ್‌ನಲ್ಲೋ ನೆಲೆಸಿದ ನಮ್ಮವರು, ರಜೆಗೆ ಆ ಕಡೆ ಹೊರಟವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಭಾಗ ಹೊಸಬರಿಗೆ. ಕ್ಯಾಮೆರಾದಲ್ಲಿ ಕೈ ಪಳಗಿದವರು ಸೀದಾ ಉಗಿ, ಬೆಳಕಿನ ಭಾಗಕ್ಕೆ ಹೋಗಬಹುದು.

## ಹೋಗುವ ಮುಂಚೆ

ಈ ರೈಲು ಇರೋದು ಎಲ್ಲಿ? ಈಗಲೂ ನಿಜವಾಗಿ ಉಗಿಯಲ್ಲೇ ಓಡುತ್ತಾ?

ಇಂಗ್ಲೆಂಡಿನ ಈಶಾನ್ಯದಲ್ಲಿ, ನಾರ್ತ್ ಯಾರ್ಕ್ ಮೂರ್ಸ್ ರಾಷ್ಟ್ರೀಯ ಉದ್ಯಾನದ ಒಳಗೆ. ದಕ್ಷಿಣದ ತುದಿ ಪಿಕರಿಂಗ್, ಉತ್ತರದ ತುದಿ ಗ್ರೋಮಾಂಟ್. ನಡುವೆ 18 ಮೈಲಿ, ಅಂದರೆ ಸುಮಾರು 29 ಕಿ.ಮೀ. ಕೆಲವು ಬಂಡಿಗಳು ಗ್ರೋಮಾಂಟ್ ದಾಟಿ ಕಡಲ ತೀರದ ವಿಟ್ಬಿವರೆಗೂ ಹೋಗುತ್ತವೆ.

ಉಗಿಯಲ್ಲೇ ಓಡುತ್ತದೆ. ಕಲ್ಲಿದ್ದಲು, ನೀರು, ಸಲಿಕೆ ಹಿಡಿದು ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್, ಎಲ್ಲವೂ ಅಸಲಿ. ಜಾರ್ಜ್ ಸ್ಟೀಫನ್‌ಸನ್ ರೂಪಿಸಿದ ಈ ದಾರಿ 1836ರಲ್ಲಿ ಪೂರ್ತಿ ತೆರೆಯಿತು. ಆಗ ಬಂಡಿ ಎಳೆಯುತ್ತಿದ್ದದ್ದು ಕುದುರೆ. ಉಗಿ ಇಂಜಿನ್ ಬಂದದ್ದು 1840ರ ದಶಕದಲ್ಲಿ. ನಷ್ಟದ ನೆಪದಲ್ಲಿ ದೇಶದ ತುಂಬ ಹಳಿ ಮುಚ್ಚಿದ ಕಾಲದಲ್ಲಿ, 1965ರಲ್ಲಿ, ಇದನ್ನೂ ಮುಚ್ಚಿದರು. 1967ರಲ್ಲಿ ಊರವರು, ರೈಲಿನ ಹುಚ್ಚಿದ್ದವರು ಸೇರಿ ಸಂಘ ಕಟ್ಟಿದರು. 1973ರಲ್ಲಿ ಮತ್ತೆ ಬಂಡಿ ಓಡಿತು. ಇವತ್ತಿಗೂ ಕೆಲಸಗಾರರಲ್ಲಿ ದೊಡ್ಡ ಪಾಲು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರದ್ದು.

ಇಂಥ ರೈಲು ಇಂಗ್ಲೆಂಡಿನ ತುಂಬ ಇವೆಯಲ್ಲ, ಇದೇ ಯಾಕೆ?

ಬೇರೆ ಕಡೆ ಸುತ್ತ ಹೊಲ, ಮರ, ಬೇಲಿ. ಇಲ್ಲಿ ಮೂರ್, ಅಂದರೆ ಬಯಲು. ಮರವಿಲ್ಲದ ಎತ್ತರದ ನೆಲ, ಕಪ್ಪು ಜೌಗು ಮಣ್ಣು, ನೇರಳೆ ಹೂ ಬಿಡುವ ಮೊಣಕಾಲೆತ್ತರದ ಹೆದರ್ ಪೊದೆ, ಕುರಿ, ಗಾಳಿ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡರಲ್ಲೂ ಹೆದರ್ ಇಷ್ಟು ದೊಡ್ಡದಾಗಿ ಹರಡಿರುವ ಜಾಗ ಇನ್ನೊಂದಿಲ್ಲ. ಇಂಥ ಬಯಲಿನಲ್ಲಿ ಬಂಡಿಯನ್ನು ಮೈಲಿ ದೂರದಿಂದಲೇ ನೋಡಬಹುದು. ಮೊದಲು ಸದ್ದು ಕೇಳುತ್ತದೆ. ಆಮೇಲೆ ಉಗಿ ಕಾಣುತ್ತದೆ. ಇಂಜಿನ್ ಕಾಣುವುದು ಕೊನೆಗೆ. ಫೋಟೋ ತೆಗೆಯುವವರಿಗೆ ಇಷ್ಟು ಪುರುಸೊತ್ತು ಕೊಡುವ ಜಾಗ ಕಡಿಮೆ.

ನೇರಳೆ ಬಣ್ಣದ ಬೆಟ್ಟ ಬೇಕು. ಯಾವ ತಿಂಗಳು ಟಿಕೆಟ್ ಮಾಡಲಿ?

ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಜುಲೈನಲ್ಲೇ ಅಲ್ಲಲ್ಲಿ ಬೆಲ್ ಹೆದರ್ ಅರಳಿರುತ್ತದೆ. ಆದರೆ ಬೆಟ್ಟಕ್ಕೆ ಬೆಟ್ಟವೇ ಬಣ್ಣ ತಿರುಗುವುದು ಲಿಂಗ್ ಎಂಬ ಜಾತಿ ಅರಳಿದಾಗ. ಮಳೆ, ಬಿಸಿಲಿನ ಮೇಲೆ ಒಂದು ವಾರ ಹಿಂದೆಮುಂದೆ ಆಗುತ್ತದೆ.

ಆದರೆ ನನ್ನ ಆಯ್ಕೆ ಅಕ್ಟೋಬರ್. ಬೆಟ್ಟದ ಜರೀಗಿಡ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ, ಬೆಳಕು ತಗ್ಗಿನಲ್ಲಿ ಬೀಳುತ್ತದೆ, ಚಳಿಗೆ ಉಗಿ ದಪ್ಪಗೆ ನಿಲ್ಲುತ್ತದೆ. ಹೂವಿನ ಕಾಲದ ಚಿತ್ರಗಳಲ್ಲಿ ಬಣ್ಣ ಚೆನ್ನಾಗಿರುತ್ತದೆ, ಉಗಿ ಬಡವಾಗಿರುತ್ತದೆ. ಎರಡೂ ಒಟ್ಟಿಗೆ ಸಿಗುವುದು ಆಗಸ್ಟ್ ಕೊನೆಯ ತಂಪು ಬೆಳಗ್ಗೆ ಮಾತ್ರ. ಇನ್ನೊಂದು ಮಾತು: ಬಂಡಿ ಓಡುವುದು ಮುಖ್ಯವಾಗಿ ವಸಂತದಿಂದ ಅಕ್ಟೋಬರ್‌ವರೆಗೆ. ನಡುಚಳಿಗಾಲದಲ್ಲಿ ಕ್ರಿಸ್‌ಮಸ್ ಓಡಾಟ ಬಿಟ್ಟರೆ ಬಹುತೇಕ ಸ್ತಬ್ಧ. ಹಿಮದಲ್ಲಿ ಉಗಿಬಂಡಿ ಅಂತ ಆಸೆಪಟ್ಟು ಜನವರಿಗೆ ಟಿಕೆಟ್ ಮಾಡಬೇಡಿ.

ಕಾರಿಲ್ಲ. ಬಸ್ಸಲ್ಲಿ ಆಗುತ್ತಾ?

ಆಗುತ್ತದೆ. ಲೀಡ್ಸ್, ಯಾರ್ಕ್, ಮಾಲ್ಟನ್ ಕಡೆಯಿಂದ ವಿಟ್ಬಿಗೆ ಹೋಗುವ ಕೋಸ್ಟ್‌ಲೈನರ್ 840 ಬಸ್ಸು ಪಿಕರಿಂಗ್ ಮತ್ತು ಈ ರೈಲಿನ ನಡುದಾರಿಯ ಊರಾದ ಗೋಥ್‌ಲ್ಯಾಂಡ್ ಮೇಲೆ ಹೋಗುತ್ತದೆ. ಲಂಡನ್ನಿಂದ ಯಾರ್ಕ್‌ಗೆ ರೈಲಿನಲ್ಲಿ ಸುಮಾರು 2 ಗಂಟೆ. ಮಿಡಲ್ಸ್‌ಬರೋ ಕಡೆಯಿಂದ ಬರುವವರಿಗೆ ಎಸ್ಕ್ ವ್ಯಾಲಿ ಮಾರ್ಗದ ಮಾಮೂಲಿ ರೈಲು ಗ್ರೋಮಾಂಟ್‌ನಲ್ಲೇ ಇಳಿಸುತ್ತದೆ. ಅದು ದಿನಕ್ಕೆ ಬೆರಳೆಣಿಕೆಯಷ್ಟು ಮಾತ್ರ, ಹಾಗಾಗಿ ವಾಪಸ್ ಹೋಗುವ ಹೊತ್ತನ್ನು ಮೊದಲೇ ಬರೆದಿಟ್ಟುಕೊಳ್ಳಿ.

ನಿಜ ಹೇಳಬೇಕೆಂದರೆ ಕಾರಿಲ್ಲದಿರುವುದೇ ಒಳ್ಳೆಯದು. ಕಾರಿದ್ದವರು ಒಂದು ಬಂಡಿಯನ್ನು ನಾಲ್ಕು ಕಡೆ ಅಟ್ಟಿಸಿಕೊಂಡು ಹೋಗಿ ನಾಲ್ಕು ಸಾಧಾರಣ ಫೋಟೋ ತರುತ್ತಾರೆ. ಕಾಲ್ನಡಿಗೆಯವರು ಒಂದೇ ಕಡೆ ನಿಂತು, ಮೊದಲ ಬಂಡಿಯಲ್ಲಿ ಜಾಗ ಅಳೆದು, ಎರಡನೆಯದರಲ್ಲಿ ಚಿತ್ರ ತೆಗೆಯುತ್ತಾರೆ.

ಮೊಬೈಲಲ್ಲೇ ತೆಗೆದರೆ ನಡೆಯುತ್ತಾ ಸಾರ್?

ಹತ್ತಿರದ ಚಿತ್ರಕ್ಕೆ ಧಾರಾಳವಾಗಿ ನಡೆಯುತ್ತದೆ. ಗೋಥ್‌ಲ್ಯಾಂಡ್ ನಿಲ್ದಾಣದ ಮೇಲ್ಸೇತುವೆ, ಗ್ರೋಮಾಂಟ್‌ನ ಗೇಟು, ಪ್ಲಾಟ್‌ಫಾರಂ ಮೇಲಿನ ಜನ, ಇವಕ್ಕೆ ಮೊಬೈಲೇ ಸಲೀಸು. ಬೆಟ್ಟದ ಮೇಲಿಂದ ಬಂಡಿ ತೆಗೆಯುವಾಗ ಮಾತ್ರ ಬೆರಳಲ್ಲಿ ಹಿಗ್ಗಿಸಿ ಜೂಮ್ ಮಾಡಬೇಡಿ. ಅಗಲವಾಗಿ ತೆಗೆದು, ಬಂಡಿ ಚುಕ್ಕಿಯಾಗಿಯೇ ಇರಲಿ ಅಂತ ಬಿಟ್ಟುಬಿಡಿ. ಆಕಾಶ ಚೆನ್ನಾಗಿದ್ದರೆ ಅದೇ ದಿನದ ಒಳ್ಳೆಯ ಫೋಟೋ ಆಗಬಹುದು.

ಟಿಕೆಟ್ ತಗೊಂಡು ಒಳಗೆ ಕೂತರೆ ಫೋಟೋ ಸಿಗಲ್ವಾ?

ಕೂತ ಬಂಡಿಯ ಇಂಜಿನ್ ನಿಮಗೆ ಕಾಣುವುದು ತಿರುವುಗಳಲ್ಲಿ ಮಾತ್ರ. ತಲೆ, ಕೈ, ಕ್ಯಾಮೆರಾ ಕಿಟಕಿಯಿಂದ ಹೊರಗೆ ಹಾಕಲೇಬಾರದು, ಸೇತುವೆಯ ಕಲ್ಲು ತೀರ ಹತ್ತಿರ ಬರುತ್ತದೆ. ಆದರೂ ಮೊದಲ ದಿನ ಒಂದು ಸಲ ಪೂರ್ತಿ ದಾರಿ ಕೂತು ಹೋಗಿಬನ್ನಿ. ಇಂಜಿನ್ ಎಲ್ಲಿ ಏದುಸಿರು ಬಿಡುತ್ತದೆ, ಎಲ್ಲಿ ಸುಮ್ಮನೆ ಜಾರುತ್ತದೆ ಅಂತ ಕಿವಿಯಲ್ಲೇ ಗೊತ್ತಾಗುತ್ತದೆ. ಏದುಸಿರು ಕೇಳಿದ ಕಡೆ ನಕ್ಷೆಯಲ್ಲಿ ಗುರುತು ಹಾಕಿ. ಮಾರನೆಯ ದಿನ ಅಲ್ಲಿಗೆ ಹೋಗಿ.

## ಎಲ್ಲಿ ನಿಲ್ಲಬೇಕು

ಒಂದೇ ದಿನ ಇದೆ. ಯಾವ ಜಾಗ, ನೇರ ಹೇಳಿಬಿಡಿ.

ಡಾರ್ನ್‌ಹೋಮ್. ಗೋಥ್‌ಲ್ಯಾಂಡ್ ನಿಲ್ದಾಣದಿಂದ ಕಾಲು ಗಂಟೆಯ ನಡಿಗೆ. ಎಲ್ಲರ್ ಬೆಕ್ ಎಂಬ ಹೊಳೆ, ದಾಟಲು ಕಲ್ಲುಗಳು, ಪಕ್ಕದಲ್ಲೇ ಏರಿದ ಗುಡ್ಡ. ಗುಡ್ಡ ಹತ್ತಿ ನಿಂತರೆ ಗ್ರೋಮಾಂಟ್ ಕಡೆಯಿಂದ ಏರಿ ಬರುವ ಬಂಡಿ ಕೆಳಗೆ ಕಾಣುತ್ತದೆ.

ಇಲ್ಲಿನ ಗುಟ್ಟು ಏರು. ಗ್ರೋಮಾಂಟ್‌ನಿಂದ ಗೋಥ್‌ಲ್ಯಾಂಡ್‌ವರೆಗೆ ಮೂರು ಮೈಲಿಯಷ್ಟು ದೂರ 49 ಅಡಿಗೆ 1 ಅಡಿ ಏರುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1. ಘಾಟಿಯಲ್ಲಿ ಹಿಂದೊಂದು ಮುಂದೊಂದು ಇಂಜಿನ್ ಹಾಕಿ ಗೂಡ್ಸ್ ಗಾಡಿ ಹತ್ತಿಸುವುದನ್ನು ನೋಡಿದವರಿಗೆ ಇದು ಎಂಥ ಏರು ಅಂತ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆ ಬೆಳಗ್ಗೆಯೂ ಇಲ್ಲಿ ಇಂಜಿನ್ ಉಗಿ ಕಾರಲೇಬೇಕು.

1836ರ ಮೂಲ ದಾರಿ ಇನ್ನೂ ಕಡಿದಾಗಿತ್ತು. ಬೆಕ್ ಹೋಲ್ ಎಂಬ ಹಳ್ಳಿಯಿಂದ ಮೇಲಕ್ಕೆ ಡಬ್ಬಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದರು. 1864ರಲ್ಲಿ ಅಲ್ಲಿ ಅಪಘಾತವಾಯಿತು, ಮರುವರ್ಷ ಈಗಿನ ಬಳಸುದಾರಿ ತೆರೆಯಿತು. ಹಳೆಯ ದಾರಿ ಈಗ ಮೂರೂವರೆ ಮೈಲಿಯ ಕಾಲುದಾರಿ, ಗ್ರೋಮಾಂಟ್‌ನಿಂದ ಬೆಕ್ ಹೋಲ್ ಮೇಲೆ ಗೋಥ್‌ಲ್ಯಾಂಡ್‌ಗೆ. ಒಂದು ಬಂಡಿ ಡಾರ್ನ್‌ಹೋಮ್‌ನಲ್ಲಿ ನೋಡಿ, ಆ ದಾರಿಯಲ್ಲಿ ಇಳಿದು, ಗ್ರೋಮಾಂಟ್‌ನಲ್ಲಿ ಸುರಂಗದ ಮೇಲಿನ ಗುಡ್ಡದಿಂದ ಇನ್ನೊಂದು ಬಂಡಿ ತೆಗೆಯಬಹುದು. ಒಂದು ದಿನಕ್ಕೆ ಅಷ್ಟು ಸಾಕು.

ಅದು ಕಣಿವೆ ಆಯ್ತು. ನಿಜವಾದ ಬಟ್ಟಬಯಲು ಎಲ್ಲಿ ಸಿಗುತ್ತೆ?

ಗೋಥ್‌ಲ್ಯಾಂಡ್ ದಾಟಿದ ಮೇಲೆ. ಮೂರ್‌ಗೇಟ್ಸ್, ಎಲ್ಲರ್‌ಬೆಕ್, ಫೆನ್ ಬಾಗ್, ಈ ಸಾಲಿನಲ್ಲಿ ಮರಗಳು ಹಿಂದೆ ಸರಿಯುತ್ತವೆ. ಇಡೀ ಮಾರ್ಗದ ಅತಿ ಎತ್ತರದ ಜಾಗವೂ ಇಲ್ಲೇ ಬರುತ್ತದೆ. ಫೆನ್ ಬಾಗ್ ಒಂದು ಜೌಗು, ಈಗ ವನ್ಯಜೀವಿ ತಾಣ. ಮಣ್ಣು ಕುಸಿಯುತ್ತಿದ್ದರಿಂದ ಸ್ಟೀಫನ್‌ಸನ್ ಕುರಿ ತುಪ್ಪಟ, ಹೆದರ್ ಕಟ್ಟು, ಮರದ ತೊಲೆ ಹಾಕಿ ಅದರ ಮೇಲೆ ಹಳಿ ಹಾಸಿದ ಎನ್ನುತ್ತಾರೆ. ನೀವು ಕಾಲಿಟ್ಟರೆ ಹೂತುಹೋಗುತ್ತದೆ, ಗುರುತು ಮಾಡಿದ ದಾರಿ ಬಿಟ್ಟು ಹೋಗಬೇಡಿ.

ಎಲ್ಲರ್‌ಬೆಕ್ ಕಡೆಯಿಂದ ಫೈಲಿಂಗ್‌ಡೇಲ್ಸ್ ವಾಯುಪಡೆ ನೆಲೆಯ ರಾಡಾರ್ ಕಟ್ಟಡ ಕಾಣುತ್ತದೆ, ತಲೆ ಕತ್ತರಿಸಿದ ಪಿರಮಿಡ್ಡು. ಬಹಳ ಜನ ಅದನ್ನು ಚೌಕಟ್ಟಿನಿಂದ ಹೊರಗಿಡಲು ಒದ್ದಾಡುತ್ತಾರೆ. ನಾನು ಒಳಗಿಡುತ್ತೇನೆ. ಉಗಿ ಇಂಜಿನ್ ಹಿಂದೆ ಕ್ಷಿಪಣಿ ಕಾಯುವ ರಾಡಾರ್, ಇಂಥ ಜೋಡಿ ಬೇರೆಲ್ಲೂ ಸಿಗದು.

ಸ್ಕೆಲ್ಟನ್ ಟವರ್ ಫೋಟೋ ಎಲ್ಲ ಕಡೆ ನೋಡ್ತೀನಿ. ಅಲ್ಲಿಗೆ ನಡೆಯೋದು ಕಷ್ಟಾನಾ?

ಲೆವಿಶಮ್ ನಿಲ್ದಾಣದಿಂದ ಹೋದರೆ ಮೊದಲು ಒಳ್ಳೆ ಏರು. ಕ್ಯಾಮೆರಾ ಚೀಲ ಹೊತ್ತು ಒಂದು ಗಂಟೆ ಇಟ್ಟುಕೊಳ್ಳಿ. ಎ169 ರಸ್ತೆಯಲ್ಲಿ ಹೋಲ್ ಆಫ್ ಹಾರ್ಕಮ್ ಎದುರಿನ ಕಾರ್ ಪಾರ್ಕಿನಿಂದ ಬಯಲಿನ ಮೇಲೆಯೇ ಬರಬಹುದು, ಏರು ಕಡಿಮೆ, ದೂರ ಜಾಸ್ತಿ.

ಗೋಪುರವೆಂದರೆ ಬಿದ್ದುಹೋದ ಎರಡು ಅಂತಸ್ತಿನ ಕಲ್ಲುಕಟ್ಟಡ. 19ನೇ ಶತಮಾನದಲ್ಲಿ ಲೆವಿಶಮ್‌ನ ಪಾದ್ರಿ ರಾಬರ್ಟ್ ಸ್ಕೆಲ್ಟನ್ ಕಟ್ಟಿಸಿದ್ದು. ಕೆಳಗೆ ನ್ಯೂಟನ್‌ಡೇಲ್ ಕಣಿವೆ, ಹಿಮಯುಗ ಮುಗಿಯುವಾಗ ಕರಗಿದ ನೀರು ಕೊರೆದ ಆಳದ ಕಂದರ. ಹಳಿ ಅದರ ತಳದಲ್ಲಿ ಹಾವಿನಂತೆ ಹೋಗುತ್ತದೆ. ಗೋಪುರ ಕಣಿವೆಯ ಪೂರ್ವ ಅಂಚಿನಲ್ಲಿದೆ, ಹಾಗಾಗಿ ಬೆಳಗ್ಗೆ ಹೋಗಿ. ಸಂಜೆ ಸೂರ್ಯ ಎದುರಿಗೇ ಬಂದು ಕಣಿವೆ ತಳ ಕತ್ತಲಾಗುತ್ತದೆ. ಗಾಳಿಗೆ ಟ್ರೈಪಾಡ್ ಉರುಳುವಷ್ಟು ಬಯಲು ಅದು. ಚೀಲವನ್ನೇ ಅದಕ್ಕೆ ತೂಗುಹಾಕಿ.

ಹಳಿ ಪಕ್ಕ ಇಳಿದು ಕೂತ್ಕೊಂಡ್ರೆ ಯಾರು ಏನಂತಾರೆ?

ಪೊಲೀಸರು ಅನ್ನುತ್ತಾರೆ. ಬ್ರಿಟನ್‌ನಲ್ಲಿ ರೈಲಿನ ಜಾಗಕ್ಕೆ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ, 1000 ಪೌಂಡ್‌ವರೆಗೆ ದಂಡ ಬೀಳಬಹುದು. ಬೇಲಿಯ ಈಚೆ ಇದ್ದರೂ ಹಳಿಯತ್ತ ವಾಲಿ ನಿಂತವರನ್ನು ಕಂಡರೆ ಡ್ರೈವರ್ ಸಿಳ್ಳೆ ಹಾಕಿ ಬ್ರೇಕ್ ಒತ್ತಬೇಕಾಗುತ್ತದೆ. ಏರಿನಲ್ಲಿ ನಿಂತ ಬಂಡಿಯನ್ನು ಮತ್ತೆ ಹೊರಡಿಸುವುದು ಎಷ್ಟು ಕಷ್ಟ ಅಂತ ಫೈರ್‌ಮನ್‌ನನ್ನು ಕೇಳಿ. ಈ ಮಾರ್ಗದಲ್ಲಿ ಸಾರ್ವಜನಿಕ ಕಾಲುದಾರಿ, ಸೇತುವೆ, ಗುಡ್ಡ ಎಷ್ಟೊಂದು ಇವೆ. ಬೇಲಿ ಹಾರುವ ದರ್ದೇ ಬರುವುದಿಲ್ಲ.

ಬೆಟ್ಟದ ಮೇಲೆ ಎಲ್ಲಿ ಬೇಕಾದರೂ ನಡೆಯಬಹುದಾ?

2000ದ ಕಾನೂನಿನಂತೆ ಈ ಬಯಲಿನ ದೊಡ್ಡ ಭಾಗ ಎಲ್ಲರಿಗೂ ಮುಕ್ತ. ಆದರೂ ಮೂರು ಸಂಗತಿ ತಲೆಯಲ್ಲಿರಲಿ. ಮಾರ್ಚ್‌ನಿಂದ ಜುಲೈವರೆಗೆ ಕರ್ಲ್ಯೂ, ಟಿಟ್ಟಿಭ ಜಾತಿಯ ಹಕ್ಕಿಗಳು ನೆಲದ ಮೇಲೆ ಮೊಟ್ಟೆ ಇಡುತ್ತವೆ, ಆಗ ಕಾಲುದಾರಿ ಬಿಡಬೇಡಿ. ಆಗಸ್ಟ್ 12ಕ್ಕೆ ಗ್ರೌಸ್ ಹಕ್ಕಿಯ ಬೇಟೆ ಶುರುವಾಗುತ್ತದೆ. ಹೆದರ್ ಅರಳುವುದೂ ಆಗಲೇ. ಬೋರ್ಡ್ ಹಾಕಿದ್ದರೆ, ಗುಂಡಿನ ಸದ್ದು ಕೇಳಿದರೆ ಬೇರೆ ಕಡೆ ಹೋಗಿ. ಮೂರನೆಯದು ರಕ್ತ ಹೀರುವ ಉಣ್ಣೆ ಹುಳ. ಪೊದೆಯಲ್ಲಿ ಕೂತೆದ್ದ ಮೇಲೆ ಕಾಲು, ತೊಡೆಸಂದು ನೋಡಿಕೊಳ್ಳಿ. ಅದರಿಂದ ಲೈಮ್ ಕಾಯಿಲೆ ಬರಬಹುದು. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಂಡು ಓಡಾಡಿ, ಅಲ್ಲಿ ಯಾರೂ ನಗುವುದಿಲ್ಲ.

ಡ್ರೋನ್ ಹಾರಿಸಲಾ?

ಬೇಡ ಅನ್ನುತ್ತೇನೆ. ನೋಂದಣಿ, 120 ಮೀಟರ್ ಎತ್ತರದ ಮಿತಿ, ಜನರಿಂದ ಅಂತರ, ಜಾಗದ ಮಾಲೀಕರ ಒಪ್ಪಿಗೆ, ಹಕ್ಕಿಗಳು, ಇಷ್ಟನ್ನೂ ಸಂಭಾಳಿಸಿ ಸಿಗುವುದು ಬೆಟ್ಟದ ಮೇಲೆ ನಿಂತರೆ ಪುಕ್ಕಟೆಯಾಗಿ ಸಿಗುವ ನೋಟವೇ.

## ಉಗಿ, ಬೆಳಕು, ಗಾಳಿ

ಬಂಡಿ ಬಂತು, ಹೊಗೇನೇ ಇರಲಿಲ್ಲ. ಯಾಕೆ ಹಾಗೆ?

ಎರಡು ಕಾರಣ. ಒಂದೋ ನೀವು ಇಳಿಜಾರಿನಲ್ಲಿ ನಿಂತಿದ್ದಿರಿ. ಇಳಿಯುವಾಗ ಡ್ರೈವರ್ ಉಗಿಯ ಹಿಡಿ ಮುಚ್ಚಿರುತ್ತಾನೆ, ಬಂಡಿ ತನ್ನ ತೂಕಕ್ಕೇ ಉರುಳುತ್ತದೆ. ಗ್ರೋಮಾಂಟ್‌ನಿಂದ ದಕ್ಷಿಣಕ್ಕೆ ಹೋಗುವ ಬಂಡಿ ಫೆನ್ ಬಾಗ್ ಹತ್ತಿರದ ನೆತ್ತಿಯವರೆಗೆ ದುಡಿಯುತ್ತದೆ, ಆಮೇಲೆ ಪಿಕರಿಂಗ್‌ವರೆಗೆ ನಿರಾಳ. ಪಿಕರಿಂಗ್‌ನಿಂದ ಉತ್ತರಕ್ಕೆ ಬರುವುದು ನ್ಯೂಟನ್‌ಡೇಲ್ ಉದ್ದಕ್ಕೂ ಮೆಲ್ಲನೆ ಏರುತ್ತದೆ, ನೆತ್ತಿ ದಾಟಿ ಗ್ರೋಮಾಂಟ್‌ಗೆ ಇಳಿಯುತ್ತದೆ. ಇದೊಂದನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು.

ಇಲ್ಲವೇ ಅವತ್ತು ಸೆಕೆ ಇತ್ತು. ಉಗಿ ಕಣ್ಣಿಗೆ ಕಾಣುವುದು ಅದು ತಣ್ಣಗಾಗಿ ಸಣ್ಣ ಹನಿಗಳಾದಾಗ. ಗಾಳಿ ಬಿಸಿಯಾಗಿ ಒಣಗಿದ್ದರೆ ಚಿಮಣಿ ಬಿಟ್ಟ ಕೂಡಲೇ ಕರಗಿಹೋಗುತ್ತದೆ. 10 ಡಿಗ್ರಿಗಿಂತ ಕೆಳಗಿದ್ದು ತೇವವಿದ್ದರೆ ಇಡೀ ಬಂಡಿಯುದ್ದಕ್ಕೂ ಬಿಳಿ ಮೋಡ ನಿಲ್ಲುತ್ತದೆ. ಬೇಸಿಗೆಯಲ್ಲಿ ದಿನದ ಮೊದಲ ಬಂಡಿ ಹಿಡಿಯಿರಿ, ಮಧ್ಯಾಹ್ನದ್ದನ್ನು ಊಟಕ್ಕೆ ಬಿಟ್ಟುಕೊಡಿ.

ಕಪ್ಪು ಹೊಗೆ ಬಂದ್ರೆ ಫೋಟೋ ಭರ್ಜರಿ ಅಲ್ವಾ?

ನೋಡುವವರಿಗೆ ಭರ್ಜರಿ. ಫೈರ್‌ಮನ್‌ಗೆ ಅವಮಾನ. ಬಿಳಿಯದು ಕೆಲಸ ಮುಗಿಸಿ ಹೊರಬಂದ ಉಗಿ. ಕಪ್ಪು ಹೊಗೆ ಅಂದರೆ ಕಲ್ಲಿದ್ದಲು ಪೂರ್ತಿ ಉರಿಯದೆ ಹೊರಟಿದ್ದು, ದುಡ್ಡು ಗಾಳಿಗೆ ಹೋದ ಹಾಗೆ. ಆಗಷ್ಟೇ ಕಲ್ಲಿದ್ದಲು ಎಸೆದಾಗ ಸ್ವಲ್ಪ ಹೊತ್ತು ಬೂದು ಬಣ್ಣ ಬರುವುದು ಸಹಜ. ಫೋಟೋಗೆ ನನಗೆ ಇಷ್ಟ ಬಿಳಿ ಉಗಿಯ ಅಂಚಿನಲ್ಲಿ ತುಸು ಬೂದು. ಹೆದರ್‌ನ ನೇರಳೆ ಮೇಲೆ ಕಪ್ಪು ಹೊಗೆ ಕೊಳಕಾಗಿ ಕಾಣುತ್ತದೆ.

ಬೆಳಕು ಬೆಳಗ್ಗೆ ಚೆನ್ನಾಗಿರುತ್ತಾ, ಸಂಜೇನಾ?

ನಮ್ಮ ಊರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಗೋಥ್‌ಲ್ಯಾಂಡ್ ಇರುವುದು 54 ಡಿಗ್ರಿ ಅಕ್ಷಾಂಶದಲ್ಲಿ. ಜೂನ್ ನಡುವಿನ ನಡುಹಗಲಲ್ಲೂ ಸೂರ್ಯ ಸುಮಾರು 59 ಡಿಗ್ರಿ ಮಾತ್ರ ಏರುತ್ತಾನೆ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ನಡುಹಗಲಿಗೇ ಹತ್ತಿರ ಹತ್ತಿರ 54 ಡಿಗ್ರಿ ಇರುತ್ತಾನೆ. ಅಲ್ಲಿನ ಡಿಸೆಂಬರ್ ಕೊನೆಗೆ ಸುಮಾರು 12 ಡಿಗ್ರಿ ಮಾತ್ರ. ಹಾಗಾಗಿ ‘ಮಧ್ಯಾಹ್ನ ಫೋಟೋ ಬೇಡ’ ಅನ್ನುವ ನಮ್ಮ ನಿಯಮ ಅಕ್ಟೋಬರ್‌ನ ಯಾರ್ಕ್‌ಷೈರ್‌ಗೆ ಅನ್ವಯಿಸದು. ಅಲ್ಲಿ ಇಡೀ ದಿನ ಬೆಳಕು ಓರೆಯಾಗಿಯೇ ಬೀಳುತ್ತದೆ.

ಬಂಡಿ ಓಡುವ ಹೊತ್ತಿನಲ್ಲಿ ಸೂರ್ಯ ಹೆಚ್ಚುಕಡಿಮೆ ದಕ್ಷಿಣದ ಕಡೆಯೇ ಇರುತ್ತಾನೆ. ಅಂದರೆ ದಕ್ಷಿಣಕ್ಕೆ ಹೋಗುವ ಇಂಜಿನ್ನಿನ ಮುಖದ ಮೇಲೆ ಬೆಳಕು, ಉತ್ತರಕ್ಕೆ ಹೋಗುವುದರ ಮುಖ ನೆರಳಲ್ಲಿ. ಗ್ರೋಮಾಂಟ್ ಏರಿನಲ್ಲಿ ದಕ್ಷಿಣಕ್ಕೆ ಹೋಗುವ ಬಂಡಿಯೇ ಹತ್ತುವ ಬಂಡಿ. ಉಗಿಯೂ ಬೆಳಕೂ ಒಂದೇ ಕಡೆ ಸಿಕ್ಕಿತು. ಬೇಸಿಗೆ ಗಡಿಯಾರದಲ್ಲಿ ಸೂರ್ಯ ನೇರ ದಕ್ಷಿಣಕ್ಕೆ ಬರುವುದು ಸುಮಾರು 1 ಗಂಟೆಗೆ. ಅದಕ್ಕೆ ಮುಂಚೆ ಹಳಿಯ ಪೂರ್ವಕ್ಕೆ ನಿಲ್ಲಿ, ಆಮೇಲೆ ಪಶ್ಚಿಮಕ್ಕೆ. ಗೋಥ್‌ಲ್ಯಾಂಡ್ ದಾಟಿದ ಮೇಲೆ ಹಳಿ ಸ್ವಲ್ಪ ದೂರ ಆಗ್ನೇಯಕ್ಕೆ ತಿರುಗುತ್ತದೆ, ಅಲ್ಲಿ ಬೆಳಗಿನ ಬೆಳಕೇ ಚೆಂದ.

ಉತ್ತರಕ್ಕೆ ಹೋಗುವ ಬಂಡಿಯನ್ನು ಬಿಡಬೇಕೆಂದಿಲ್ಲ. ಸೂರ್ಯನನ್ನು ಎದುರಿಗೆ ಇಟ್ಟುಕೊಂಡು, ಇಂಜಿನ್ ಕಪ್ಪಾಗಲು ಬಿಟ್ಟು, ಉಗಿಯ ಅಂಚು ಹೊಳೆಯುವ ಹಾಗೆ ತೆಗೆಯಿರಿ.

ಉಗಿ ಇಡೀ ಬಂಡಿ ಮುಚ್ಚಿಬಿಡ್ತು. ಏನು ಮಾಡೋದು?

ಮುಂದಿನ ಬಂಡಿಗೆ ಹಳಿಯ ಆಚೆ ಬದಿಗೆ ಹೋಗುವುದು. ಇಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಪೂರ್ವಕ್ಕೆ ನಿಂತರೆ ಉಗಿ ನಿಮ್ಮ ಕಡೆಗೇ ಬಂದು ಬೋಗಿಗಳನ್ನು ನುಂಗುತ್ತದೆ. ಗಾಳಿ ನಿಮ್ಮ ಬೆನ್ನಿಗಿದ್ದರೆ ಉಗಿ ಬಂಡಿಯ ಆಚೆ ಹಾರುತ್ತದೆ, ಬಂಡಿ ಪೂರ್ತಿ ಕಾಣುತ್ತದೆ. ಮಧ್ಯಾಹ್ನದ ಮೇಲೆ ಪಶ್ಚಿಮದ ಬದಿಯಲ್ಲಿ ಬಿಸಿಲೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ಅಕ್ಟೋಬರ್ ಮಧ್ಯಾಹ್ನಗಳನ್ನು ನಾನು ಅಷ್ಟು ಹೊಗಳುವುದು ಇದಕ್ಕೇ. ಬಂಡಿಯ ವೇಗಕ್ಕೆ ಸಮನಾಗಿ ಹಿಂದಿನಿಂದ ಗಾಳಿ ಬೀಸಿದರೆ ಉಗಿ ನೇರ ಮೇಲಕ್ಕೆ ಕಂಬದ ಹಾಗೆ ಏಳುತ್ತದೆ, ಅಪರೂಪಕ್ಕೆ.

ಬೆಳಗ್ಗೆ ಬಿಸಿಲಿತ್ತು, ಹೋಗುವಷ್ಟರಲ್ಲಿ ಮಂಜು. ಯಾವಾಗಲೂ ಹೀಗೇನಾ?

ಉತ್ತರ ಸಮುದ್ರ ಪಕ್ಕದಲ್ಲೇ ಇದೆ. ಅಲ್ಲಿಂದ ನುಗ್ಗುವ ಮಂಜಿಗೆ ಸ್ಥಳೀಯರು ‘ಫ್ರೆಟ್’ ಅನ್ನುತ್ತಾರೆ. ವಸಂತ, ಬೇಸಿಗೆಯಲ್ಲಿ ಜಾಸ್ತಿ. ವಿಟ್ಬಿ, ಗ್ರೋಮಾಂಟ್ ಮುಳುಗಿದ್ದಾಗಲೂ ಪಿಕರಿಂಗ್ ಕಡೆ ಬಿಸಿಲಿರಬಹುದು. ಅಂಥ ದಿನ ದಕ್ಷಿಣಕ್ಕೆ ಸರಿಯಿರಿ, ಇಲ್ಲವೇ ಮಂಜಿನಲ್ಲೇ ನಿಂತು ಇಂಜಿನ್ನಿನ ದೀಪ ಮಾತ್ರ ಕಾಣುವ ಫೋಟೋ ತೆಗೆಯಿರಿ.

## ಕ್ಯಾಮೆರಾ ಕೈಯಲ್ಲಿದ್ದಾಗ

ಶಟರ್ ಸ್ಪೀಡ್ ಎಷ್ಟಿಡಲಿ? ರೈಲು ಅಂದ್ರೆ 1/2000 ಬೇಕಲ್ವಾ?

ಬೇಕಿಲ್ಲ. ಇಂಥ ರೈಲುಗಳ ವೇಗದ ಮಿತಿ ಗಂಟೆಗೆ 25 ಮೈಲಿ, ಅಂದರೆ 40 ಕಿ.ಮೀ. ಏರಿನಲ್ಲಿ ಇನ್ನೂ ನಿಧಾನ. ಸೆಕೆಂಡಿಗೆ 11 ಮೀಟರ್ ಅಂದುಕೊಳ್ಳಿ, 1/500 ಸೆಕೆಂಡಿನಲ್ಲಿ ಬಂಡಿ ಸರಿಯುವುದು 2 ಸೆಂ.ಮೀ. ಚಿಲ್ಲರೆ. ಎದುರಿನಿಂದ ಓರೆಯಾಗಿ ಬರುವಾಗ ಅದು ಚಿತ್ರದಲ್ಲಿ ಗೊತ್ತೇ ಆಗುವುದಿಲ್ಲ. ಬೆಟ್ಟದ ಮೇಲಿಂದ 1/250 ಸಾಕು. ಉಳಿದ ಬೆಳಕನ್ನು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಇಳಿಸಲು ಬಳಸಿ.

ಇಂಜಿನ್ ಕಪ್ಪು ಮುದ್ದೆ, ಉಗಿ ಬಿಳಿ ತೇಪೆ. ಎಕ್ಸ್‌ಪೋಶರ್ ಹೇಗೆ?

ಉಗಿಯನ್ನು ಉಳಿಸಿ. ಕಪ್ಪನ್ನು ಆಮೇಲೆ ಎತ್ತಬಹುದು, ಬಿಳಿ ಒಮ್ಮೆ ಸುಟ್ಟುಹೋದರೆ ಹೋಯಿತು. ಬಂಡಿ ಬರುವ ಮುಂಚೆ ಕ್ಯಾಮೆರಾ ಖಾಲಿ ಬೆಟ್ಟ ಅಳೆದಿರುತ್ತದೆ. ಹೆದರ್ ಬೆಟ್ಟ ಗಾಢ ಬಣ್ಣದ್ದು, ಹಾಗಾಗಿ ಕ್ಯಾಮೆರಾ ಬೆಳಕು ಜಾಸ್ತಿ ಬಿಡುತ್ತದೆ. ಆಮೇಲೆ ಬಿಸಿಲು ಬಿದ್ದ ಬಿಳಿ ಉಗಿ ಬಂದರೆ ಪೂರ್ತಿ ಸುಡುತ್ತದೆ. ಮ್ಯಾನುಯಲ್‌ನಲ್ಲಿ ಇಟ್ಟು, ಬಿಸಿಲಿನಲ್ಲಿರುವ ಬಿಳಿ ಮೋಡವನ್ನೋ ಕುರಿಯನ್ನೋ ನೋಡಿ ಅಳೆದು, ಅಲ್ಲಿಗೇ ಬಿಡಿ. ಕುರಿಗಳಿಗೆ ಅಲ್ಲಿ ಬರವಿಲ್ಲ. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಬಿಟ್ಟ ಮೂಲ ಫೈಲ್ ತೆಗೆಯಿರಿ. ಮೋಡ ಓಡುವ ದಿನ ಬಿಸಿಲಿಗೊಂದು, ನೆರಳಿಗೊಂದು ಲೆಕ್ಕ ಮೊದಲೇ ನೋಡಿಟ್ಟುಕೊಳ್ಳಿ.

ಲೆನ್ಸ್ ಯಾವುದು ಒಯ್ಯಲಿ? ಭಾರ ಹೊರಲಾರೆ.

24–70 ಮಿ.ಮೀ. ಮತ್ತು 70–200 ಮಿ.ಮೀ. ಒಂದೇ ಅಂದರೆ 24–105. ಉದ್ದದ ಲೆನ್ಸ್ ಬಂಡಿಯನ್ನೂ ಬೆಟ್ಟವನ್ನೂ ಒಂದರ ಮೇಲೊಂದು ಒತ್ತಿದಂತೆ ತೋರಿಸುತ್ತದೆ, ಕಣಿವೆಯ ತಿರುವಿಗೆ ಚೆನ್ನ. ಆದರೆ ಹೊಸಬರು 200ರಲ್ಲಿ ಚೌಕಟ್ಟಿನ ತುಂಬ ಇಂಜಿನ್ ತುಂಬಿಸುತ್ತಾರೆ. ಅಂಥ ಫೋಟೋ ಯಾವ ಊರಿನ ಹಳಿಯ ಮೇಲಾದರೂ ತೆಗೆಯಬಹುದು. ಬಂಡಿಗೆ ಚೌಕಟ್ಟಿನ ಹತ್ತನೇ ಒಂದು ಪಾಲು ಕೊಡಿ. ಉಗಿಯ ಬಾಲಕ್ಕೆ, ಬಂಡಿ ಹೋಗಲಿರುವ ದಾರಿಗೆ, ಆಕಾಶಕ್ಕೆ ಉಳಿದದ್ದು. ಬಂಡಿ ಬರುವ ಮುಂಚೆಯೇ ಚೌಕಟ್ಟು ಹಾಕಿ, ಇಂಜಿನ್ ಎಲ್ಲಿಗೆ ಬಂದಾಗ ಒತ್ತಬೇಕು ಅಂತ ಒಂದು ಕಲ್ಲೋ ಪೊದೆಯೋ ಗುರುತಿಟ್ಟುಕೊಳ್ಳಿ.

ಚಕ್ರ ತಿರುಗೋದು, ಹಿಂದೆ ಎಲ್ಲ ಗೀರು ಗೀರಾಗಿ ಬರೋ ಫೋಟೋ ಹೇಗೆ ತೆಗೆಯೋದು?

ಹಳಿಗೆ ಅಡ್ಡವಾಗಿ, ಸಮ ಎತ್ತರದಲ್ಲಿ ನಿಂತು 1/30ರಿಂದ 1/60ರಲ್ಲಿ ಬಂಡಿಯ ಜೊತೆ ಕ್ಯಾಮೆರಾ ತಿರುಗಿಸಿ. ಡ್ರೈವರ್ ಇರುವ ಕ್ಯಾಬಿನ ಮೇಲೆ ಕಣ್ಣಿಡಿ. ಒತ್ತಿದ ಮೇಲೂ ತಿರುಗಿಸುವುದನ್ನು ನಿಲ್ಲಿಸಬೇಡಿ. ಚಕ್ರದ ಮೇಲಂಚು ಬಂಡಿಯ ಎರಡು ಪಟ್ಟು ವೇಗದಲ್ಲಿ ಮುಂದೆ ಹೋಗುತ್ತದೆ, ಹಳಿ ಮುಟ್ಟಿದ ಅಂಚು ಆ ಕ್ಷಣ ನಿಂತಿರುತ್ತದೆ. ಹಾಗಾಗಿ ಚಕ್ರ ಮಸುಕಾಗಿ, ಬಾಯ್ಲರ್ ಚೂಪಾಗಿ ಬಂದರೆ ಗೆದ್ದಿರಿ. ಬಹಳಷ್ಟು ಕೆಡುತ್ತವೆ, ಸಾಲಾಗಿ ಒತ್ತುತ್ತಾ ಹೋಗಿ.

## ಇನ್ನೂ ಒಳಗೆ ಇಳಿದವರಿಗೆ

ಯಾವ ಇಂಜಿನ್ ಬರುತ್ತೆ ಅಂತ ಮೊದಲೇ ಗೊತ್ತಾಗುತ್ತಾ? ಹಿಂದುಮುಂದಾಗಿ ಬಂದರೆ?

ವೇಳಾಪಟ್ಟಿಯಲ್ಲಿ ಯಾವ ಬಂಡಿಗೆ ಉಗಿ, ಯಾವುದಕ್ಕೆ ಡೀಸೆಲ್ ಅಂತ ಇರುತ್ತದೆ. ನಿರ್ದಿಷ್ಟ ಇಂಜಿನ್ ಹೆಸರನ್ನು ಹಿಂದಿನ ದಿನದವರೆಗೂ ನಂಬಬೇಡಿ. ಬಾಯ್ಲರ್‌ಗಳಿಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ದುರಸ್ತಿ, ಹಾಗಾಗಿ ಪ್ರಸಿದ್ಧ ಇಂಜಿನ್ ವರ್ಷಗಟ್ಟಲೆ ಶೆಡ್ಡಿನಲ್ಲೇ ಇರಬಹುದು.

ಈ ಮಾರ್ಗದಲ್ಲಿ ದುಡಿದವುಗಳಲ್ಲಿ ಎಲ್ಲರೂ ಹುಡುಕುವುದು 1937ರ ನೀಲಿ ‘ಸರ್ ನೈಜೆಲ್ ಗ್ರೆಸ್ಲಿ’. 1959ರಲ್ಲಿ ಗಂಟೆಗೆ 112 ಮೈಲಿ ಓಡಿದ ಇಂಜಿನ್ ಅದು. ನನ್ನ ಮನಸ್ಸು ಮಾತ್ರ ಕ್ಯೂ6 63395ರ ಕಡೆ. 1918ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ಕಟ್ಟಿದ, ಕಲ್ಲಿದ್ದಲು ಡಬ್ಬಿ ಎಳೆಯಲೆಂದೇ ಹುಟ್ಟಿದ ಕಪ್ಪು ಇಂಜಿನ್. ಈಶಾನ್ಯ ಇಂಗ್ಲೆಂಡಿನ ನೆಲದ್ದೇ ಮಗು. ಬೋಳು ಬೆಟ್ಟದ ಮುಂದೆ ನೀಲಿ ರಾಜಕುಮಾರನಿಗಿಂತ ಈ ಕೂಲಿಯಾಳೇ ಒಪ್ಪುತ್ತಾನೆ.

ಹೋಗುವಾಗ ಚಿಮಣಿ ಮುಂದಾದರೆ ಬರುವಾಗ ಕಲ್ಲಿದ್ದಲು ತುಂಬಿದ ಟೆಂಡರ್ ಮುಂದು. ದಿನದಲ್ಲಿ ಯಾವ ಕಡೆಗೆ ಚಿಮಣಿ ಇದೆ ಅಂತ ಮೊದಲ ಬಂಡಿ ನೋಡಿದಾಗಲೇ ಗುರುತಿಟ್ಟುಕೊಳ್ಳಿ. ಟೆಂಡರ್ ಮುಂದಾದಾಗ ಬಂಡಿಯ ಮುಖ ಬಿಟ್ಟು ಪಕ್ಕದಿಂದ, ದೂರದಿಂದ ತೆಗೆಯಿರಿ.

ಫೋಟೋಗೆ ಅಂತಲೇ ರೈಲು ಬಾಡಿಗೆಗೆ ತಗೋತಾರಂತೆ, ನಿಜಾನಾ?

ನಿಜ. ಒಂದಷ್ಟು ಜನ ಹಣ ಹಾಕಿ ಒಂದು ದಿನಕ್ಕೆ ಇಂಜಿನ್, ಡಬ್ಬಿ, ಸಿಬ್ಬಂದಿಯನ್ನು ಗೊತ್ತುಮಾಡುತ್ತಾರೆ. ಬಂಡಿ ಹಿಂದೆ ಹೋಗಿ, ಕ್ಯಾಮೆರಾಗಳ ಮುಂದೆ ಮತ್ತೆ ಮತ್ತೆ ಹತ್ತಿ ಬರುತ್ತದೆ. ಬೆಳಕು ಬರುವವರೆಗೆ ಕಾಯುತ್ತದೆ. ಹಳೇ ಗೂಡ್ಸ್ ಡಬ್ಬಿ ಹಾಕುತ್ತಾರೆ, ಹಳೇ ಉಡುಪಿನ ಪೋರ್ಟರ್‌ಗಳೂ ಇರುತ್ತಾರೆ. ಟಿಕೆಟ್ ದುಬಾರಿ. ಫೋಟೋ ಮೋಸವಿಲ್ಲದೆ ಬರುತ್ತದೆ, ಆದರೆ ಪಕ್ಕದಲ್ಲಿ ನಿಂತ ಎಲ್ಲರಿಗೂ ಅದೇ ಫೋಟೋ ಬರುತ್ತದೆ. ಸೆಪ್ಟೆಂಬರ್ ಕೊನೆಗೆ ನಡೆಯುವ ಉಗಿ ಉತ್ಸವದಲ್ಲಿ ಮಾಮೂಲಿ ಜಾಗದಲ್ಲೇ ನಿಂತು ಇಡೀ ದಿನ ಬೇರೆ ಬೇರೆ ಇಂಜಿನ್ ನೋಡಬಹುದು. ನಾನಾದರೆ ಅದಕ್ಕೆ ಹೋಗುತ್ತೇನೆ.

ಅಷ್ಟು ದೂರ ಹೋದರೆ ಡೀಸೆಲ್ ಬಂತು! ಯಾಕೆ?

ಬೆಂಕಿಯ ಭಯ. ಒಣ ಬೇಸಿಗೆಯಲ್ಲಿ ಚಿಮಣಿಯ ಒಂದು ಕಿಡಿ ಸಾಕು. ಹೆದರ್ ಹತ್ತಿಕೊಂಡರೆ ಅಡಿಯ ಜೌಗು ಮಣ್ಣೂ ಒಳಗೊಳಗೇ ದಿನಗಟ್ಟಲೆ ಉರಿಯುತ್ತದೆ, ಆರಿಸುವುದು ಬಹಳ ಕಷ್ಟ. 2025ರ ಆಗಸ್ಟ್‌ನಲ್ಲಿ ಹತ್ತಿರದ ಲ್ಯಾಂಗ್‌ಡೇಲ್ ಮೂರ್‌ನಲ್ಲಿ ದೊಡ್ಡ ಕಾಡ್ಗಿಚ್ಚು ಎದ್ದಿತ್ತು. ಅದು ರೈಲಿನಿಂದ ಎದ್ದದ್ದು ಅಂತಲ್ಲ, ಆ ನೆಲ ಎಷ್ಟು ಬೇಗ ಹತ್ತಿಕೊಳ್ಳುತ್ತದೆ ಅಂತ ತಿಳಿಯಲಿ ಎಂದು ಹೇಳಿದೆ. ಎರಡು ವಾರ ಮಳೆ ಇಲ್ಲದಿದ್ದರೆ ಹೊರಡುವ ಮುಂಚೆ ರೈಲ್ವೆಯ ಪ್ರಕಟಣೆ ನೋಡಿ. ಅಲ್ಲಿ ಸಿಗರೇಟು, ಸ್ಟವ್ ಕೂಡ ಬೇಡ.

ಕಂಬ, ತಂತಿ, ಅಡ್ಡ ಬಂದ ಜನರನ್ನ ಅಳಿಸಬಹುದಾ?

ನಿಮ್ಮ ಗೋಡೆಗೆ ಹಾಕುವುದಾದರೆ ನಿಮ್ಮಿಷ್ಟ. ಸ್ಪರ್ಧೆಗೆ ಕಳಿಸುವುದಾದರೆ ನಿಯಮ ಓದಿ. ಇಲ್ಲದ ಉಗಿಯನ್ನು ಸೇರಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇಳಿಯುವ ಬಂಡಿಗೆ ಏರಿನ ಉಗಿ ಅಂಟಿಸಿದರೆ ಆ ದಾರಿ ಬಲ್ಲವರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಇಂಗ್ಲೆಂಡ್ ದೂರ ಆಯ್ತು. ನಮ್ಮ ಕಡೆ ಇಂಥದ್ದು ಇಲ್ವಾ?

ಕರ್ನಾಟಕದೊಳಗೆ ದಿನನಿತ್ಯ ಓಡುವ ಉಗಿಬಂಡಿ ಇಲ್ಲ. ನಿಂತ ಇಂಜಿನ್ ನೋಡಲು ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ. ಓಡುವುದು ಬೇಕೆಂದರೆ ಗಡಿಯಾಚೆಯ ನೀಲಗಿರಿ. ಮೇಟ್ಟುಪಾಳಯಂನಿಂದ ಊಟಿಗೆ 46 ಕಿ.ಮೀ., ಕಲ್ಲಾರ್‌ನಿಂದ ಕೂನೂರಿನವರೆಗೆ ಹಲ್ಲಿನ ಹಳಿ, ಏರು ಸುಮಾರು 12ಕ್ಕೆ 1. ಯಾರ್ಕ್‌ಷೈರಿನ ಏರಿನ ನಾಲ್ಕು ಪಟ್ಟು.

ಆದರೆ ಎರಡು ತೊಡಕು. ಹಲ್ಲಿನ ಹಳಿಯ ಮೇಲೆ ಹತ್ತುವಾಗ ಇಂಜಿನ್ ಬಂಡಿಯ ಹಿಂದಿನಿಂದ ತಳ್ಳುತ್ತದೆ. ಎದುರಿಗೆ ನಿಂತವರಿಗೆ ಮೊದಲು ಬೋಗಿ, ಕೊನೆಗೆ ಇಂಜಿನ್ ಸಿಗುತ್ತದೆ. ಹಾಗಾಗಿ ಹಾದುಹೋದ ಮೇಲೆ ಹಿಂದಿನಿಂದ ತೆಗೆಯಿರಿ. ಇನ್ನೊಂದು, ಉಗಿ ಓಡುವ ಭಾಗ ದಟ್ಟ ಕಾಡು, ಬಂಡೆ, ಸೇತುವೆ. ಬಯಲು ಕಾಣುವ ಕೂನೂರು–ಊಟಿ ಭಾಗದಲ್ಲಿ ಸಾಮಾನ್ಯವಾಗಿ ಡೀಸೆಲ್. ಹಿಲ್‌ಗ್ರೋವ್ ನಿಲ್ದಾಣದಲ್ಲಿ ಬಂಡಿ ನೀರಿಗೆ ನಿಲ್ಲುತ್ತದೆ, ಹತ್ತಿರದ ಫೋಟೋಗಳಿಗೆ ಅದೇ ಸರಿಯಾದ ಹೊತ್ತು. ತಿಂಡಿಯನ್ನು ಮಾತ್ರ ಕೈಯಲ್ಲಿ ಹಿಡಿದು ಇಳಿಯಬೇಡಿ, ಅಲ್ಲಿನ ಕೋತಿಗಳು ಬಿಡುವುದಿಲ್ಲ.